ಹಾಜರಿ ಕೂಗಿದ ಬೆರಳು

ಮೇಷ್ಟ್ರ ಬಲಗೈಯ ತೋರುಬೆರಳಿಗೆ ಉಗುರಿರಲಿಲ್ಲ. ಆ ಬೋಳು ಬೆರಳನ್ನು ಹಾಜರಿ ಪುಸ್ತಕದ ಮೇಲೆ ಜಾರಿಸುತ್ತ, ಒಬ್ಬೊಬ್ಬರನ್ನೂ ಅಪ್ಪನ ಹೆಸರು, ಊರಿನ ಹೆಸರು ಸೇರಿಸಿ ಕೂಗುತ್ತಿದ್ದರು. ತಿ. ನರಸೀಪುರದ ಕಾಲೇಜಿನಲ್ಲಿ ಮಿಕ್ಕವರೆಲ್ಲ ರೋಲ್ ನಂಬರು ಕೂಗುತ್ತಿದ್ದರು. ನಮ್ಮ ಜೀವಶಾಸ್ತ್ರದ ಮೇಷ್ಟ್ರು ಒಪ್ಪುತ್ತಿರಲಿಲ್ಲ. "ನಂಬರು ಮೂಟೆಗೆ ಕಣ್ರಪ್ಪ, ಜೀವಕ್ಕಲ್ಲ." ಕಪ್ಪೆಯನ್ನೂ ಕೊಯ್ಯಿಸಲಿಲ್ಲ.

ಎಷ್ಟೋ ವರ್ಷಗಳ ಮೇಲೆ ನಾನು ನಂಜನಗೂಡಿನ ಒಂದು ಔಷಧಿ ಪ್ರಯೋಗಾಲಯದಲ್ಲಿ ಮೊಲಗಳಿಗೆ ಮೇವು ಹಾಕುವ ಕೆಲಸಕ್ಕೆ ಸೇರಿದೆ. ಅವುಗಳ ಕಿವಿಯೊಳಗೆ ನಂಬರಿನ ಹಚ್ಚೆ. ಕಣ್ಣಿಗೆ ಔಷಧಿ ಬಿಟ್ಟರೂ ಕೂಗುವುದಿಲ್ಲ. ಮೂಲೆಗೆ ಮುಖಮಾಡಿ ಕೂರುತ್ತವೆ. ನಿವೃತ್ತರಾಗಿ, ಇಂಥ ಪ್ರಯೋಗಗಳ ವಿರುದ್ಧ ಕಚೇರಿ ಕಚೇರಿಗೆ ಅರ್ಜಿ ಹಿಡಿದು ಅಲೆಯುತ್ತಿದ್ದ ಮೇಷ್ಟ್ರಿಗೆ ಇದನ್ನು ಹೇಳಿದೆ. ಮುಂದಿದ್ದ ಟೀ ಆರಿಹೋಯಿತು.

"ಜನ ಇದ್ನ ನೋಡ್ಬೇಕು ಕಣೋ. ನೀನು ಬಾಗ್ಲು ತೆಗ್ದುಬುಡು, ಸಾಕು."

"ಕೆಲ್ಸ ಓಯ್ತದೆ ಸಾ. ಎರಡು ಮಕ್ಳವೆ."

"ನಿನ್ನ ಹೆಸ್ರು ನನ್ನ ಬಾಯಲ್ಲಿ ಬಂದ್ರೆ ಕೇಳು."

ಒಂದು ಭಾನುವಾರ ಮಧ್ಯಾಹ್ನ ಹಿಂಬಾಗಿಲು ತೆಗೆದೆ. ಅವರು ಮೊಬೈಲಿನಲ್ಲಿ ವಿಡಿಯೋ ತೆಗೆದರು. ನಮ್ಮಲ್ಲಿ ಮಾತಾಗಿದ್ದು ವಿಡಿಯೋ ಅಷ್ಟೇ. ಹೊರಡುವಾಗ ಒಂದು ಮೊಲವನ್ನು ಬಟ್ಟೆಚೀಲಕ್ಕೆ ಹಾಕಿಕೊಂಡರು.

"ಸಾ, ಅದೊಂದು ಬ್ಯಾಡಿ ಸಾ."

"ಇದೊಂದಾದ್ರೂ ಬದ್ಕಲಿ ಸುಮ್ನಿರು."

ಅದಕ್ಕೆ ಗೌರಿ ಎಂದು ಹೆಸರಿಟ್ಟರು. ಹಚ್ಚೆ ಹಾಗೇ ಇತ್ತು. ವಿಡಿಯೋ ಎಲ್ಲೆಡೆ ಹರಿದಾಡಿತು. ನಾಲ್ಕನೇ ದಿನ ಪೊಲೀಸರು ಮೂಗೂರಿನ ಅವರ ಮನೆಗೆ ಬಂದು, ಗೌರಿಯ ಕಿವಿ ಮಡಚಿ ನಂಬರು ಓದಿದರು. ಅಕ್ರಮ ಪ್ರವೇಶ, ಕಳವು ಎಂದು ಕೇಸಾಯಿತು. ಬಾಗಿಲು ತೆಗೆದವರು ಯಾರೆಂದು ಹೇಳಿ ಕ್ಷಮೆ ಕೇಳಿದರೆ ಮೇಷ್ಟ್ರನ್ನು ಬಿಟ್ಟುಬಿಡುವುದಾಗಿ ಪ್ರಯೋಗಾಲಯದವರು ಹೇಳಿದರಂತೆ.

ನನ್ನನ್ನು ಠಾಣೆಗೆ ಕರೆಸಿ ಮೇಷ್ಟ್ರ ಹೇಳಿಕೆಯನ್ನು ಕೈಗೆ ಕೊಟ್ಟರು. ಕರಿಹಲಗೆಯ ಮೇಲೆ ಕಂಡಿದ್ದ ಅದೇ ವಾರೆ ಅಕ್ಷರ. ನಾನೇ ಅವರನ್ನು ಪುಸಲಾಯಿಸಿ ಕರೆದೊಯ್ದೆ ಎಂದಿತ್ತು. ನನ್ನ ಹೆಸರು, ಅಪ್ಪನ ಹೆಸರು, ಊರು ಹೆಮ್ಮರಗಾಲ. ಒಂದಕ್ಷರ ತಪ್ಪಿರಲಿಲ್ಲ.

ಅವರು ಪಕ್ಕದ ಬೆಂಚಿನಲ್ಲೇ ಇದ್ದರು. "ಏನ್ ಸಾ ಇದು?" ಎಂದೆ.

"ಪೆನ್ಷನ್ ನಿಂತೋಯ್ತದೆ ಅಂದ್ರು ಕಣಪ್ಪ," ಎಂದರು, ನೆಲ ನೋಡಿಕೊಂಡು.

ಹೋದ ಆಷಾಢದಲ್ಲಿ ಮೇಷ್ಟ್ರು ತೀರಿಕೊಂಡರು. ಹಾರ ಹಿಡಿದು ಅವರ ಬಾಗಿಲವರೆಗೆ ಹೋದವನು ಒಳಗೆ ಹೋಗಲಾರದೆ, ಅದನ್ನು ಗೇಟಿಗೆ ಸಿಕ್ಕಿಸಿ ಬಂದೆ.

ಕೆಲಸ ಹೋಯಿತು. ಕೇಸು ನಡೆಯುತ್ತಿದೆ, ನನ್ನೊಬ್ಬನ ಮೇಲೆ. ಕೋರ್ಟಿನಲ್ಲಿ ಮೊದಲು ಕೇಸಿನ ನಂಬರು ಕೂಗುತ್ತಾರೆ. "ಏಳ್ರೀ, ನಿಮ್ದೇ," ಎಂದು ವಕೀಲರು ತಿವಿಯುತ್ತಾರೆ. ನಾನು ಏಳುವುದಿಲ್ಲ. ಆಮೇಲೆ ನನ್ನ ಹೆಸರು, ಅಪ್ಪನ ಹೆಸರು, ಊರು ಕೂಗುತ್ತಾರೆ.

ಆಗ ಏಳುತ್ತೇನೆ.