ತಿರುಮಲಮ್ಮನ ಗಾಜು

ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ತಿರುಮಲಮ್ಮ ಹನ್ನೊಂದು ವರ್ಷಗಳಿಂದ ಸೊಟ್ಟ ಹೆಂಚುಗಳನ್ನು ಕಣ್ಣಲ್ಲೇ ಗುರುತಿಸಿ ಬೇರೆ ಮಾಡುತ್ತಿದ್ದರು. 1997ರಲ್ಲಿ ಹೊಸದಾಗಿ ಸೇರಿದ ಮೂವರು ಹೆಂಗಸರಿಗೆ ಮಾತ್ರ ಎಷ್ಟು ಹೇಳಿಕೊಟ್ಟರೂ ಆ ಕೆಲಸ ಕೈಗೆ ಹತ್ತಲಿಲ್ಲ.

ಒಂದು ಬೆಳಿಗ್ಗೆ ತಿರುಮಲಮ್ಮ ಮನೆಯಿಂದ ಹಳೆಯ ಕಿಟಕಿಯ ಗಾಜು ತಂದರು. ಅದರಡಿ ಒಳ್ಳೆಯ ಹೆಂಚೊಂದನ್ನಿಟ್ಟು, ಮಗಳ ಕೆಂಪು ನೇಲ್ ಪಾಲಿಶ್‌ನಿಂದ ಅದರ ಅಂಚಿನುದ್ದಕ್ಕೂ ಗಾಜಿನ ಮೇಲೆ ಗೆರೆ ಎಳೆದರು.

“ಇದನ್ನ ಹೆಂಚಿನ ಮೇಲಿಟ್ಟು ನೋಡ್ರಮ್ಮ. ಅಂಚು ಗೆರೆ ದಾಟಿದ್ರೆ ಆ ಹೆಂಚು ಬೇಡ” ಎಂದರು.

ಮಧ್ಯಾಹ್ನದೊಳಗೆ ಮೂವರೂ ತಪ್ಪಿಲ್ಲದೆ ಆರಿಸತೊಡಗಿದರು. ಅವರಲ್ಲೊಬ್ಬಳಾದ ಸುನಂದ, “ಅಕ್ಕಾ, ನಿಮ್ಮ ಕಣ್ಣನ್ನೇ ಗಾಜಿಗೆ ಅಂಟಿಸಿಬಿಟ್ರಲ್ಲ!” ಎಂದು ಕುಣಿದಳು.

ಮೇಸ್ತ್ರಿ ಸುಬ್ಬರಾಯಪ್ಪನವರಿಗೆ ನಂಬಿಕೆ ಬರಲಿಲ್ಲ. ಸರಿಯಿದೆಯೆಂದು ತಾವೇ ಆರಿಸಿಟ್ಟಿದ್ದ ಹೆಂಚನ್ನು ಗಾಜಿನಡಿ ಇಟ್ಟರು. ಅದರ ಮೂಲೆಯೊಂದು ಗೆರೆಯಾಚೆ ಇಣುಕಿತು. ಎಲ್ಲರೂ ಹೆದರಿ ಅವರ ಮುಖ ನೋಡಿದರು. ಅವರು ಜೋರಾಗಿ ನಕ್ಕರು.

“ನಂದೇ ಸೊಟ್ಟ ಕಣಮ್ಮ! ನಂಗೂ ಒಂದು ಗಾಜು ಮಾಡ್ಕೊಡು.”

ಮುಂದಿನ ತಿಂಗಳಿಂದ ಹೊಸಬರಿಗೆ ಕಲಿಸುವುದೇ ತಿರುಮಲಮ್ಮನ ಕೆಲಸವಾಯಿತು. ನಾಲ್ಕನೇ ತರಗತಿ ದಾಟದ ತನ್ನನ್ನು ಅವರು ‘ಮೇಡಂ’ ಎಂದು ಕರೆದಾಗಲೆಲ್ಲ ಆಕೆಗೆ ನಾಚಿಕೆಯೂ ನಗುವೂ ಒಟ್ಟಿಗೇ ಬರುತ್ತಿದ್ದವು.