ಎಳೆ ಕಡಿಯದ ದಿನ

ನಾನು ಚಿಕ್ಕವನಿದ್ದಾಗ ಭಿವಂಡಿಯ ಬೇಸಿಗೆ ಈಗಿನಷ್ಟು ಕೆಟ್ಟದಾಗಿರಲಿಲ್ಲ ಎಂದು ನಾನು ಹೇಳಿದರೆ, ಮಕ್ಕಳೇ, ನಂಬಬೇಡಿ. ಮುದುಕರು ತಮ್ಮ ಕಾಲದ ಬಿಸಿಲಿಗೂ ಬೆಲ್ಲ ಹಾಕಿ ಬಡಿಸುತ್ತಾರೆ. ನನಗೆ ನೆನಪಿರುವುದು ಅಂಟು. ಅಂಗಿ ಬೆನ್ನಿಗೆ ಅಂಟುತ್ತಿತ್ತು, ಬರೆಯುವ ಕೈ ಪಾಟಿಗೆ ಅಂಟುತ್ತಿತ್ತು, ಡಬ್ಬಿಯ ಉಪ್ಪು ತಾನಾಗಿಯೇ ನೀರೊಡೆಯುತ್ತಿತ್ತು. ಮೇ ತಿಂಗಳ ಕೊನೆಗೆ ಮೋಡಗಳು ಬಂದು ತಲೆಯ ಮೇಲೆ ನಿಲ್ಲುತ್ತಿದ್ದವು. ಮಳೆ ಮಾತ್ರ ಬರುತ್ತಿರಲಿಲ್ಲ. ಗಟಾರದ ವಾಸನೆ ಕೂಡ ಗಾಳಿಯಿಲ್ಲದೆ, ಹೋಗಲು ದಾರಿ ಕಾಣದೆ, ನಮ್ಮ ಬಾಗಿಲಲ್ಲೇ ಕೂತಿರುತ್ತಿತ್ತು.

ಅಪ್ಪ ವಿಜಾಪುರದ ಕಡೆಯವನು. ಭಿವಂಡಿಯ ಒಂದು ಕಾರ್ಖಾನೆಯಲ್ಲಿ ವಿದ್ಯುತ್ ಮಗ್ಗ ನಡೆಸುತ್ತಿದ್ದ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ತಗಡಿನ ಸೂರಿನ ಒಂದು ಉದ್ದನೆಯ ಕೋಣೆ. ಅದರ ಬೆನ್ನಿಗೇ ನಮ್ಮ ಚಾಳು, ಸಾಲು ಕೋಣೆಗಳ ವಠಾರ. ಅಪ್ಪ, ಅವ್ವ, ಅಕ್ಕ, ನಾನು ಅಲ್ಲೊಂದು ಕೋಣೆಯಲ್ಲಿದ್ದೆವು. ಮಗ್ಗಗಳ ಖಟ್ ಖಟ್ ನಮ್ಮ ಗೋಡೆಯಲ್ಲಿ, ಲೋಟದ ನೀರಿನಲ್ಲಿ, ಹಲ್ಲಿನ ಬೇರಿನಲ್ಲಿ ಸದಾ ಇರುತ್ತಿತ್ತು.

ನೂಲಿಗೆ ಒಣ ಗಾಳಿ ಆಗಿಬರುವುದಿಲ್ಲ. ಗಾಳಿ ಒಣಗಿತೋ, ಎಳೆ ಪಟ್ಟನೆ ಕಡಿಯುತ್ತದೆ. ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ಅದಕ್ಕೇ ಕಾರ್ಖಾನೆಯ ಕಿಟಕಿಗಳನ್ನು ಮುಚ್ಚಿಡುತ್ತಿದ್ದರು, ಫ್ಯಾನ್ ಹಾಕುತ್ತಿರಲಿಲ್ಲ, ನೆಲಕ್ಕೆ ನೀರು ಹೊಡೆಯುತ್ತಿದ್ದರು. ಊರೆಲ್ಲ ಸೆಕೆಯನ್ನು ಬೈಯುವಾಗ ನಮ್ಮ ಮನೆಯಲ್ಲಿ ಅದಕ್ಕೆ ಮರ್ಯಾದೆ. ಬೆಳಿಗ್ಗೆ ಅಪ್ಪ ಹೊಸ್ತಿಲಲ್ಲಿ ನಿಂತು ಒಂದು ತುಂಡು ನೂಲನ್ನು ಎರಡು ಬೆರಳ ನಡುವೆ ಹೊಸೆದು ನೋಡುತ್ತಿದ್ದ. ನಮ್ಮ ಹವಾಮಾನ ವರದಿ ಅದೇ.

ಆ ದಿನ ಅಪ್ಪ ನೂಲು ಹೊಸೆದು ನಕ್ಕ. "ಇವತ್ತ ಎಳಿ ಕಡಿಯೂದಿಲ್ಲ. ನಾಳೆನೂ ಹಿಂಗ, ನಾಡದ್ದೂ ಹಿಂಗ."

"ನೂಲಿಗೆ ಚಲೋ ಅಂದ್ರ ನಮಗೂ ಚಲೋ ಏನು?" ಎಂದಳು ಅವ್ವ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ. "ಮೈಯಾಗಿನ ನೀರೆಲ್ಲಾ ಇಳದು ಹೋಗಾಕತ್ತೈತಿ."

"ಮುಂದಿನ ಜನ್ಮಕ್ಕ ನೂಲಾಗಿ ಹುಟ್ಟು. ದಿನಾ ನೀರ ಹೊಡಸ್ತೀನಿ ನಿನಗ," ಎಂದು ಅಪ್ಪ ಹೊರಟ.

ಪಕ್ಕದ ಮಗ್ಗಗಳವನು ಮದುವೆಗೆಂದು ಊರಿಗೆ ಹೋಗಿದ್ದ. ಅವನ ಮಗ್ಗಗಳನ್ನೂ ಅಪ್ಪನೇ ನೋಡಿಕೊಂಡ. ಎಳೆ ಕಡಿಯದ ದಿನ ಸುಮ್ಮನೆ ಕೂರುವುದು ಪಾಪ ಎಂದು ಅವನ ನಂಬಿಕೆ. ಮಧ್ಯಾಹ್ನ ಅಕ್ಕ ರೊಟ್ಟಿಯ ಬುತ್ತಿ ಒಯ್ದಾಗ ಅಪ್ಪ ಬಾಗಿಲ ತನಕವೂ ಬರಲಿಲ್ಲ, ಮಗ್ಗದ ಬಳಿಯಿಂದಲೇ ಕೈ ಬೀಸಿದ. ಅಕ್ಕ ಬುತ್ತಿಯನ್ನು ಬಾಗಿಲಲ್ಲೇ ಇಟ್ಟು ಬಂದಳು.

ಆಮೇಲೆ, ಬರಬಾರದ ಹೊತ್ತಿನಲ್ಲಿ, ಅಪ್ಪ ಮನೆಗೆ ಬಂದ. ಒಂದು ಕೈಯಿಂದ ಗೋಡೆ ಹಿಡಿದು ಬಂದ. ಹುಬ್ಬಿನ ಮೇಲೆಲ್ಲ ಹತ್ತಿಯ ಬಿಳಿ ಧೂಳು, ಕಣ್ಣು ಮೆಣಸಿನಕಾಯಿಯ ಹಾಗೆ ಕೆಂಪು. ಚಾಪೆಯ ಮೇಲೆ ಉರುಳಿಕೊಂಡು, "ಬಾಗಲಾ ಹಾಕ್ರಿ. ಗಾಳಿ ಬಿಡಬ್ಯಾಡ್ರಿ. ನೀರ ಹೊಡೀರಿ," ಎಂದ.

ಅವ್ವ ಕೂಡಲೇ ಎದ್ದಳು. ಗಾಳಿಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಅಪ್ಪನಿಗಿಂತ ತಿಳಿದವರು ಯಾರು? ಅವಳು ಬಾಗಿಲು ಹಾಕಿದಳು, ಇದ್ದೊಂದು ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದಳು. ನಾನು ತಂಬಿಗೆಯಿಂದ ನೆಲಕ್ಕೆ ನೀರು ಹೊಡೆದೆ. ತಂಪಾಗುತ್ತದೆ ಎಂದುಕೊಂಡೆವು. ಒಲೆಯ ಕಾವು ಇನ್ನೂ ಆರಿರಲಿಲ್ಲ. ಸ್ವಲ್ಪ ಹೊತ್ತಿಗೆ ಕೋಣೆಯೆಲ್ಲ ಹಬೆ. ಉಸಿರು ಎಳೆದುಕೊಂಡರೆ ಬಿಸಿ ಗಂಜಿ ಕುಡಿದ ಹಾಗಾಗುತ್ತಿತ್ತು. ಅವ್ವನ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

ಅಪ್ಪನ ಹಣೆ ಒರೆಸುತ್ತಿದ್ದ ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ತಿರುಗಿಸಿ ನೋಡಿದಳು. "ಅವ್ವಾ, ಅಪ್ಪಗ ಬೆವರ ಬರಾಕತ್ತಿಲ್ಲ."

"ತಂಪಾಗೈತಿ, ಅದಕ್ಕ," ಎಂದಳು ಅವ್ವ.

ನಾನೂ ಹಣೆ ಮುಟ್ಟಿ ನೋಡಿದೆ. ಒಲೆಯಿಂದ ಇಳಿಸಿದ ಹಂಚಿನ ಹಾಗೆ ಒಣಗಿತ್ತು, ಸುಡುತ್ತಿತ್ತು. ಅಪ್ಪ ಕಣ್ಣು ತೆರೆದು ಅಕ್ಕನನ್ನು ನೋಡಿ, ಯಾರೋ ಕೂಲಿಯವನೊಡನೆ ಮಾತಾಡುವಂತೆ ಗದರಿದ: "ಏ ತಮ್ಮಾ, ನೂಲ ತೀರೇತಿ, ಬ್ಯಾರೇ ಸುತ್ತಿ ಕೊಡೋ." ಆಗ ಅಕ್ಕನಿಗೆ ತಿಳಿಯಿತು. ಅಪ್ಪ ಮನೆಯಲ್ಲಿರಲಿಲ್ಲ. ಅವನ ತಲೆಯೊಳಗೆ ಅವನು ಇನ್ನೂ ಕಾರ್ಖಾನೆಯಲ್ಲೇ ಇದ್ದ. ಬಾಗಿಲು ಹಾಕಲು ಹೇಳಿದ್ದು ನೂಲಿಗಾಗಿ.

ಅಕ್ಕ ಎದ್ದು ಗೋಣಿಚೀಲ ಕಿತ್ತಳು, ಬಾಗಿಲು ತೆಗೆದಳು. "ಹಾಕ ಬಾಗಲಾ! ಎಲ್ಲಾ ಕಡೀತಾವ!" ಎಂದು ಅಪ್ಪ ಚೀರಿದ. ಅವ್ವ ಬಾಗಿಲು ಮುಚ್ಚಲು ಓಡಿದಳು. ಅಕ್ಕ ಹೊಸ್ತಿಲ ಮೇಲೆ ಕೈ ಅಗಲಿಸಿ ನಿಂತಳು. "ಅವ್ವಾ, ಇದು ಮಗ್ಗ ಅಲ್ಲ. ಅಪ್ಪ."

ಆಮೇಲೆ ಅವಳು ಬರಿಗಾಲಲ್ಲಿ ಮೂಲೆಯ ಚಹಾದ ಹೋಟೆಲಿಗೆ ಓಡಿದಳು. ಉಡುಪಿ ಕಡೆಯ ಹೋಟೆಲಿನವರು ಬರ್ಫದ ಗಡ್ಡೆಯೊಂದನ್ನು ಚೀಲದಲ್ಲಿ ಸುತ್ತಿ ಹೆಗಲ ಮೇಲಿಟ್ಟುಕೊಂಡು ಬಂದರು. ಒಳಗೆ ಕಾಲಿಟ್ಟವರೇ ಬೈದರು: "ಎಂಥದಮ್ಮಾ ಇದು! ಮನುಷ್ಯನನ್ನು ಇಡ್ಲಿ ಬೇಯಿಸಿದ ಹಾಗೆ ಬೇಯಿಸುವುದಾ?" ಅಪ್ಪನನ್ನು ಗಲ್ಲಿಗೆ ಎತ್ತಿ ತಂದು ಮಲಗಿಸಿದರು. ಕುತ್ತಿಗೆಗೆ, ಕಂಕುಳಿಗೆ ಬರ್ಫ ಇಟ್ಟು, ಮೈಮೇಲೆ ನೀರು ಸುರಿದು, ಹೋಟೆಲಿನ ತಟ್ಟೆಗಳಿಂದ ಗಾಳಿ ಹಾಕಿದರು. ಎಷ್ಟೋ ಹೊತ್ತಿನ ಮೇಲೆ ಆಸ್ಪತ್ರೆಗೆ ಒಯ್ಯಲು ಗಾಡಿ ಸಿಕ್ಕಿತು.

ನನ್ನ ನೆನಪಿನಲ್ಲಿ ಆ ಹೊತ್ತು ಮಗ್ಗಗಳ ಸದ್ದು ನಿಂತುಹೋಗಿದೆ. ಅದು ಸುಳ್ಳು. ಯಾರು ಬಿದ್ದರೂ ಮಗ್ಗ ನಿಲ್ಲುತ್ತಿರಲಿಲ್ಲ. ಅಕ್ಕನನ್ನು ಕೇಳಿದರೆ ತಾನು ಕೈ ಅಗಲಿಸಿ ನಿಲ್ಲಲೇ ಇಲ್ಲ, ಬರೀ ಅಳುತ್ತಿದ್ದೆ, ಅವ್ವನೇ ಹಿಂದೆ ಸರಿದಳು ಎನ್ನುತ್ತಾಳೆ. ಯಾವುದು ನಿಜವೋ. ಒಣಗಿದ ಆ ಹಣೆಯೊಂದು ಮಾತ್ರ ಇಬ್ಬರ ನೆನಪಲ್ಲೂ ಒಂದೇ ತೆರನಾಗಿದೆ.

ಅಪ್ಪ ಬದುಕಿದ. ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ನಿಮಗೆ ಇಷ್ಟವಾದೀತು. ಆದರೆ ಅವನ ಮಾತು ತೊದಲತೊಡಗಿತು, ಕೈ ನಡುಗತೊಡಗಿತು. ಎರಡು ಎಳೆ ಹಿಡಿದರೆ ಬೆರಳುಗಳು ಒಂದಕ್ಕೊಂದು ಸಿಗುತ್ತಿರಲಿಲ್ಲ. ಮಳೆ ಬಂದ ದಿನ ಚಾಳಿನ ಮಕ್ಕಳೆಲ್ಲ ಕುಣಿಯಲು ಓಡಿದರು. ಅಪ್ಪ ಒಳಗೆ ಕೂತು ಗಂಟು ಹಾಕಲು ನೋಡುತ್ತಿದ್ದ, ಮತ್ತೆ ಮತ್ತೆ. ಶಾಲೆ ತೆರೆದಾಗ ನಾನೊಬ್ಬನೇ ಹೋದೆ. ಅಕ್ಕ ಅದೇ ಕಾರ್ಖಾನೆಗೆ ನೂಲು ಸುತ್ತಲು ಹೋದಳು. ಅವಳು ಮತ್ತೆ ಪಾಟಿ ಹಿಡಿಯಲಿಲ್ಲ.

"ಫಿರ್ ಕ್ಯಾ ಹುವಾ, ಮುತ್ಯಾ?" ಎನ್ನುತ್ತೀರಿ ಮೊಮ್ಮಕ್ಕಳು ನೀವು, ಕಲ್ಯಾಣದ ಈ ಏಳನೇ ಮಹಡಿಯಲ್ಲಿ, ಕೂಲರಿನ ಮುಂದೆ ಕೂತು. ಆಮೇಲೇನಾಯಿತೆಂದರೆ, ನೀವು ಹುಟ್ಟಿದಿರಿ. ಅಪ್ಪನ ಹತ್ತಿರ ಇದ್ದದ್ದು ಒಂದು ತುಂಡು ನೂಲು. ನಿಮ್ಮ ಕೈಯಲ್ಲಿ ಮೊಬೈಲ್ ಇದೆ. ಠಾಣೆಯಲ್ಲಿ ಎಷ್ಟು ಸೆಕೆ, ನವಿ ಮುಂಬೈಯಲ್ಲಿ ಎಷ್ಟು, ಇನ್ನೂ ಎಷ್ಟು ದಿನ ಹೀಗೇ, ಎಲ್ಲ ಅದರಲ್ಲಿ ಕಾಣುತ್ತದೆ. ಇಡೀ ವಾರ ಸೆಕೆ ಏರುತ್ತದೆ, ಮಳೆ ಇಲ್ಲ ಎಂದು ನಿನ್ನೆ ನೀವೇ ಓದಿ ಹೇಳಿದಿರಿ. ಬೇಸಿಗೆ ಕ್ಲಾಸಿಗೆ ರಜೆ ಕೊಟ್ಟರು, ಕುಣಿದಿರಿ.

ನಿಮ್ಮ ಅಮ್ಮನೂ ಅದನ್ನು ನೋಡಿದಳು. ನೋಡಿಯೇ ಬೆಳಿಗ್ಗೆ ಶೇರ್ ರಿಕ್ಷಾ ಹತ್ತಿ ಭಿವಂಡಿಯ ಗೋದಾಮಿಗೆ ಹೋದಳು. ನೀವು ಆರ್ಡರ್ ಮಾಡುವ ಬೂಟು, ಆಟಿಕೆಗಳಿಗೆ ಡಬ್ಬಿ ಕಟ್ಟುವ ಕೆಲಸ. ಅಲ್ಲಿಯ ಸೂರೂ ತಗಡಿನದೇ, ಸ್ವಲ್ಪ ಎತ್ತರ ಅಷ್ಟೇ. ಇವತ್ತು ಬೇಡವೆಂದೆ. "ಗೊತ್ತಿದ್ದರೂ ಹೋಗಬೇಕಲ್ಲಪ್ಪಾ," ಎಂದು ಚಪ್ಪಲಿ ಮೆಟ್ಟಿದಳು. ಸೆಕೆ ಮನುಷ್ಯನನ್ನು ಕೆಡವುತ್ತದೆಂದು ನನ್ನ ಅಪ್ಪನಿಗೆ ಗೊತ್ತಿರಲಿಲ್ಲ, ನಿಮ್ಮ ಅಮ್ಮನಿಗೆ ಗೊತ್ತಿದೆ. ಆ ಕಾಲಕ್ಕೂ ಈ ಕಾಲಕ್ಕೂ ಇದಕ್ಕಿಂತ ದೊಡ್ಡ ಅಂತರವನ್ನು ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

ಸಂಜೆ ಅವಳು ಬಂದಾಗ ಬಾಗಿಲು ನೀವೇ ತೆಗೆಯಿರಿ. ಮೊದಲು ಅವಳ ಹಣೆ ಮುಟ್ಟಿ ನೋಡಿ. ಒದ್ದೆಯಾಗಿದ್ದು, ಮಾತು ನೆಟ್ಟಗಿದ್ದರೆ ನೀರು ಕೊಟ್ಟು ಫ್ಯಾನಿನ ಕೆಳಗೆ ಕೂರಿಸಿ. ಸುಡುತ್ತಿದ್ದರೆ, ಒಣಗಿದ್ದರೆ, ಮಾತು ತಪ್ಪುತ್ತಿದ್ದರೆ, ತನಗೇನೂ ಆಗಿಲ್ಲ ಎಂದು ಅವಳು ಎಷ್ಟೇ ಗದರಿದರೂ ಅವಳ ಮಾತು ಕೇಳಬೇಡಿ. ನನ್ನನ್ನು ಕೂಗಿ.