ಹೆಂಗಾತು ಎಂದು ಯಾರೂ ಕೇಳದ ಮೂರು ತಿಂಗಳು

ಈ ವರ್ಷ ಜುಲೈ ತಿಂಗಳ ಎರಡನೇ ಸೋಮವಾರ ಬೆಳಗ್ಗೆ ಎಂಟೂಕಾಲಿಗೆ, ಖರಾಡಿಯ ನಮ್ಮ ಕಟ್ಟಡದ ಗೇಟಿನೆದುರು, ತರಕಾರಿ ಗಾಡಿಯ ಮುಂದೆ ನಿಂತಾಗ ನನ್ನ ಧ್ವನಿ ಹೋಗಿರುವುದು ಗೊತ್ತಾಯಿತು. ಮೆಂತ್ಯದ ಕಟ್ಟು ಎಷ್ಟಕ್ಕೆ ಎಂದು ಕೇಳಿದೆ. ತುಟಿ ಆಡಿತು, ಬರೀ ಗಾಳಿ ಬಂತು.

"ಘಸಾ ಬಸ್ಲಾ ಕಾ, ತಾಈ?" ಗಂಟಲು ಕಟ್ಟಿದೆಯಾ ಎಂದು ಗಾಡಿಯವನು ಮರಾಠಿಯಲ್ಲಿ ಕೇಳಿದ. ತಲೆಯಾಡಿಸಿದೆ. ಒಳ್ಳೆಯದೇ ಆಯಿತು, ಇವತ್ತು ಚೌಕಾಸಿ ಇಲ್ಲ ಎಂದು ನಕ್ಕ.

ಧ್ವನಿ ಯಾವಾಗ ಹೋಯಿತೆಂದು ಹೇಳಲಾರೆ. ಕೊನೆಯ ಸಲ ಮಾತನಾಡಿದ್ದು ಶುಕ್ರವಾರ ಸಂಜೆ, ಪಾರ್ಸೆಲ್ ತಂದವನಿಗೆ ಮರಾಠಿಯಲ್ಲಿ "ಹೋ", ಅಂದರೆ ಹೌದು, ಎಂದು. ಅಲ್ಲಿಂದ ಸೋಮವಾರದವರೆಗೆ ಬಾಯಿ ತೆರೆಯುವ ಪ್ರಸಂಗ ಬಂದಿರಲಿಲ್ಲ. ನಾನು ಮರಾಠಿ ಸುದ್ದಿತಾಣವೊಂದರ ಡೆಸ್ಕಿನಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ. ಅಲ್ಲಿ ಎಲ್ಲವೂ ಟೈಪ್ ಮಾಡಿದ ಮಾತು. ಧ್ವನಿ ಹೋದದ್ದನ್ನು ಕಚೇರಿಗೆ ತಿಳಿಸುವ ಅಗತ್ಯವೇ ಬೀಳಲಿಲ್ಲ.

ಹತ್ತು ದಿನ ಬಿಸಿನೀರು, ಅರಿಶಿನ, ಜ್ಯೇಷ್ಠಮಧು ಮಾಡಿದೆ. ಹನ್ನೊಂದನೇ ದಿನ ಕ್ಯಾಂಪ್ ಬಡಾವಣೆಯಲ್ಲಿ ಗಂಟಲಿನ ವೈದ್ಯರನ್ನು ಕಂಡೆ. ಗಡ್ಡೆಯಿದ್ದರೂ ಇದ್ದೀತೆಂದು ಚೀಲದಲ್ಲಿ ವಿಮೆಯ ಕಾಗದ ಇಟ್ಟುಕೊಂಡಿದ್ದೆ. ಅವರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಗಡ್ಡೆ ಇಲ್ಲ, ಊತವೂ ಇಲ್ಲ. ಕೆಮ್ಮಲು ಹೇಳಿದರು. ಕೆಮ್ಮಿದೆ. ಹೊರಗೆ ಕೂತವರಿಗೂ ಕೇಳಿಸುವಷ್ಟು ಸದ್ದಾಯಿತು. ಕೆಮ್ಮಿಗೆ ಧ್ವನಿ ಇದೆ, ಮಾತಿಗಿಲ್ಲ. ನಾಟಕ ಎಂದುಕೊಳ್ಳಬೇಡಿ, ಮನಸ್ಸಿಗೆ ಪೆಟ್ಟು ಬಿದ್ದಾಗ ಕೆಲವರಿಗೆ ಹೀಗಾಗುತ್ತದೆ ಎಂದು ಹೇಳಿ, ಧ್ವನಿ ಚಿಕಿತ್ಸೆ ಕೊಡುವವರ ಬಳಿ ಕಳಿಸಿದರು.

ಆಕೆ ಬೆಳಗಾವಿ ಕಡೆಯ ಹುಡುಗಿ. ಅರ್ಜಿಯಲ್ಲಿ ಮಾತೃಭಾಷೆ ನೋಡಿದವಳೇ, "ಬರ್ರಿ ಅಕ್ಕಾರ, ಕೂಡ್ರಿ" ಎಂದಳು. ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳಿದಳು. ಕಾಗದದ ಮೇಲೆ ಬರೆದೆ: ನಾನೊಬ್ಬಳೇ. ಅಕ್ಕ ಏಪ್ರಿಲ್‌ನಲ್ಲಿ ತೀರಿಕೊಂಡಳು.

"ಮಂದಿ ಮಾತಾಡ್ಸಾಕ ಬಂದಿದ್ದಿಲ್ಲೇನ್ರಿ?"

ನಮ್ಮ ಕಡೆ ಸಾವಾದ ಮನೆಗೆ ಹೋಗುವುದನ್ನು ಮಾತಾಡಿಸಲು ಹೋಗುವುದು ಎನ್ನುತ್ತಾರೆ. ಬಂದವರೆಲ್ಲ "ಹೆಂಗಾತು?" ಎಂದೇ ಕೇಳುತ್ತಾರೆ. ಮನೆಯವರು ಒಬ್ಬೊಬ್ಬರಿಗೂ ಮೊದಲಿನಿಂದ ಹೇಳಬೇಕು. ಚಿಕ್ಕಂದಿನಲ್ಲಿ ಅದು ನನಗೆ ಹಿಂಸೆ ಎನಿಸುತ್ತಿತ್ತು.

ಯಾರೂ ಬಂದಿರಲಿಲ್ಲ. ಬರದಂತೆ ಮಾಡಿದವಳು ನಾನೇ. ಅಕ್ಕ ಬ್ಯಾಂಕಿನಿಂದ ನಿವೃತ್ತಳಾಗಿ ನನ್ನ ಜೊತೆಗಿದ್ದಳು, ಬಳಗದ ಫೋನುಗಳೆಲ್ಲ ಅವಳಿಗೇ ಬರುತ್ತಿದ್ದವು. ಅವಳು ಹೋದ ಸಂಜೆ ಎಲ್ಲರಿಗೂ ಒಂದೇ ಸಂದೇಶ ಕಳಿಸಿದೆ. ಡೆಸ್ಕಿನ ಅಭ್ಯಾಸದಂತೆ ಯಾರು, ಯಾವಾಗ, ಎಲ್ಲಿ, ಅಂತ್ಯಕ್ರಿಯೆ ಮುಗಿದಿದೆ. ಬರುವುದಾಗಲಿ ಫೋನ್ ಮಾಡುವುದಾಗಲಿ ಬೇಡ, ವಿವರ ನಂತರ ತಿಳಿಸುತ್ತೇನೆ. ಕಳಿಸುವ ಮುನ್ನ ಎರಡು ಸಲ ಓದಿ ತಿದ್ದಿದ್ದೆ. ಎಲ್ಲರೂ ಕೈಮುಗಿದ ಚಿತ್ರ ಕಳಿಸಿ, ಹೇಳಿದಂತೆ ಕೇಳಿದರು. ಆಂಬುಲೆನ್ಸಿನವರಿಗೆ, ಸ್ಮಶಾನದ ಗುಮಾಸ್ತನಿಗೆ ಮರಾಠಿಯಲ್ಲಿ ಹೇಳಿದ್ದು ಬಿಟ್ಟರೆ, ಅಕ್ಕ ಸತ್ತಳೆಂದು ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ಮೊಬೈಲಿನಲ್ಲಿದ್ದ ಆ ಸಂದೇಶ ತೋರಿಸಿದೆ. ಹುಡುಗಿ ಓದಿದಳು.

"ನಂತರ ತಿಳಸ್ತೇನಿ ಅಂದೀರಿ. ಇನ್ನೂ ತಿಳಿಸೇ ಇಲ್ಲಲ್ರಿ ಅಕ್ಕಾರ?"

ಅವಳು ಕಲಿಸಿದ್ದು ಕೆಮ್ಮು. ಕೆಮ್ಮಿ, ಅದರ ಕೊನೆಯ ಸದ್ದನ್ನು ಎಳೆದು "ಹೂಂ" ಮಾಡಬೇಕು. ಮೂರನೇ ಸಲ ಹೋದಾಗ ಹೂಂ ಬಂತು, ಮಾತು ಬರಲಿಲ್ಲ. ಅವತ್ತು ಜಮಖಂಡಿಯಲ್ಲಿರುವ ಚಿಗವ್ವನಿಗೆ, ಅಂದರೆ ನಮ್ಮ ತಾಯಿಯ ತಂಗಿಗೆ, ಬರೆದೆ: ಭಾನುವಾರ ಮನೆಯಲ್ಲಿರುತ್ತೇನೆ. ಬಂದರೆ ಒಳ್ಳೆಯದು.

ಚಿಗವ್ವ ಬಟ್ಟೆಯಲ್ಲಿ ಕಟ್ಟಿದ ಕಡಕ್ ರೊಟ್ಟಿಯ ಗಂಟು ಹಿಡಿದು ಬಂದಳು. ಕುರ್ಚಿ ಬಿಟ್ಟು ನೆಲದ ಮೇಲೆ ಕೂತಳು. "ನೀ ಬ್ಯಾಡ ಅಂದ್ಯಂತ, ನಾ ಬಿಟ್ನಂತ. ಇಬ್ಬರಿಗೂ ಬುದ್ಧಿ ಇಲ್ಲ" ಎಂದಳು. ನೀರು ಕುಡಿದಳು. ಆಮೇಲೆ ಕೇಳಿದಳು.

"ಹೆಂಗಾತವಾ?"

"ಮುಂಜಾನೆ ಚಾ ಕೇಳಿದ್ಲು." ಬರೀ ಪಿಸುದನಿ.

"ಹೂಂ, ಆಮ್ಯಾಲೆ?"

"ಸಕ್ರಿ ಭಾಳ ಆಗೇದ ಅಂದ್ಲು."

"ಯಾವತ್ತಾರ ಚಲೋ ಆಗೇದ ಅಂದಾಳನ ಅಕಿ? ಆಮ್ಯಾಲೆ?"

ಹೇಳುತ್ತ ಹೋದೆ: ಬೇರೆ ಚಹಾ ಮಾಡಲು ಒಳಗೆ ಹೋಗಿದ್ದೆ. ಕಪ್ಪು ಬಿದ್ದ ಸದ್ದು ಕೇಳಿತು. ಹಾಲು ಉಕ್ಕೀತೆಂದು ಗ್ಯಾಸ್ ಆರಿಸಿ ಬಂದೆ. ಅಷ್ಟರಲ್ಲಿ ಅಕ್ಕ ಹೋಗಿದ್ದಳು. ಗ್ಯಾಸ್ ಆರಿಸಿದ್ದನ್ನು ಮೂರು ಸಲ ಹೇಳಿದೆನಂತೆ. ಧ್ವನಿ ಬಂದದ್ದು ನನ್ನ ಗಮನಕ್ಕೆ ಬರಲಿಲ್ಲ. ನನ್ನ ದನಿಗೆ ಆಜೂಬಾಜೂದವರು ಬಂದಾರು ಎಂದು ಚಿಗವ್ವ ಎದ್ದು ಬಾಗಿಲು ಹಾಕಿದಳು.

ಸೋಮವಾರ ಮುಂಜಾನೆಯ ಬಸ್ಸಿಗೆ ಅವಳು ಹೊರಟಳು. ಮಂಗಳವಾರ, ಬುಧವಾರ ಯಾರೊಂದಿಗೂ ಮಾತನಾಡುವ ಪ್ರಸಂಗ ಬರಲಿಲ್ಲ. ಗುರುವಾರ ಎಂಟೂಕಾಲಿಗೆ ಗೇಟಿನೆದುರು ಮೆಂತ್ಯದ ಕಟ್ಟಿಗೆ ಚೌಕಾಸಿ ಮಾಡಿದೆ. ಗಾಡಿಯವನು ಕಡಿಮೆ ಮಾಡಲಿಲ್ಲ.